ಹೊಟ್ಟೆಪಾಡಿಗೋ, ಜೀವಭಯಕ್ಕೋ: ನಿರಾಶ್ರಿತರ ಕಾನೂನಿನ ಗೆರೆ ಎಲ್ಲಿ ಮಸುಕಾಗುತ್ತದೆ?

ನಿರಾಶ್ರಿತ ಯಾರು ಎಂಬುದಕ್ಕೆ ಇಂದಿಗೂ ಆಧಾರ 1951ರ ಜಿನೀವಾ ಒಡಂಬಡಿಕೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಐದರಲ್ಲೊಂದರ ಕಾರಣಕ್ಕೆ ದಮನಕ್ಕೊಳಗಾಗುವ ಸಕಾರಣ ಭಯ ಇರಬೇಕು. ಬಡತನ ಆ ಪಟ್ಟಿಯಲ್ಲಿಲ್ಲ. 1951ಕ್ಕೂ ಮುಂಚಿನ ಘಟನೆಗಳಿಗಷ್ಟೇ ಒಡಂಬಡಿಕೆ ಅನ್ವಯ ಎಂಬ ಕಾಲಮಿತಿಯನ್ನು 1967ರ ಪ್ರೋಟೋಕಾಲ್ ತೆಗೆದುಹಾಕಿತು. 1969ರಲ್ಲಿ ಆಫ್ರಿಕಾ, 1984ರಲ್ಲಿ ಲ್ಯಾಟಿನ್ ಅಮೆರಿಕ ವ್ಯಾಖ್ಯೆಯನ್ನು ಹಿಗ್ಗಿಸಿದವು. ಬರೀ ಬಡತನ ಆಗಲೂ ಹೊರಗೇ ಉಳಿಯಿತು.

ತೊಡಕಿರುವುದು ಬಡತನ, ದಮನ ಎರಡೂ ಬೆರೆತಾಗ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ 1979ರ ಕೈಪಿಡಿ ಇದನ್ನು ಆಗಲೇ ಗುರುತಿಸಿತ್ತು. ಹಣಕಾಸಿನ ಕಾರಣಕ್ಕಷ್ಟೇ ಬಂದವರು ವಲಸಿಗರು. ಆದರೆ ಬದುಕಿಗೆ ಪೆಟ್ಟು ಕೊಡುವ ಕ್ರಮದ ಹಿಂದೆ ಒಂದು ಗುಂಪನ್ನು ಗುರಿಯಾಗಿಸಿದ ಧಾರ್ಮಿಕ ಉದ್ದೇಶ ಇರಬಹುದು ಎಂದಿತು. ದುಡಿದು ತಿನ್ನುವ ಹಕ್ಕನ್ನೇ ತೀವ್ರವಾಗಿ ಮೊಟಕುಗೊಳಿಸುವ ತಾರತಮ್ಯ ದಮನವೇ ಆಗಬಹುದು ಎಂದೂ ಸೇರಿಸಿತು.

ಕಾಗದದಲ್ಲಿದ್ದ ಈ ವಿವೇಕ ಆಶ್ರಯ ಕೋರಿ ಬಂದವರ ಮೊದಲ ಸಂದರ್ಶನದಲ್ಲಿ ಸೋರಿಹೋಗುತ್ತದೆ. "ಯಾಕೆ ಬಂದಿರಿ?" ಎಂದರೆ "ಅಲ್ಲಿ ಕೆಲಸ ಇರಲಿಲ್ಲ" ಎನ್ನುತ್ತಾರೆ. ಅಧಿಕಾರಿ ಅಷ್ಟನ್ನೇ ಬರೆದುಕೊಂಡರೆ ಪ್ರಕರಣ ಅಲ್ಲಿಗೇ ಅರ್ಧ ಮುಗಿಯಿತು. ಕೆಲಸ ಹೋದದ್ದು ಯಾವಾಗ, ಏನು ಹೇಳಿ ತೆಗೆದರು, ಅದೇ ಕಸುಬಿನಲ್ಲಿದ್ದ ಬೇರೆ ಧರ್ಮದವರ ಪರವಾನಗಿ ಉಳಿಯಿತೇ, ಪೊಲೀಸರು ದೂರು ಬರೆದುಕೊಂಡರೇ, ಅದೇ ದೇಶದ ಇನ್ನೊಂದು ಊರಲ್ಲಿ ಸುರಕ್ಷಿತವಾಗಿ ಬದುಕಬಹುದಿತ್ತೇ: ತೀರ್ಮಾನ ನಿಲ್ಲಬೇಕಾದದ್ದು ಈ ಪ್ರಶ್ನೆಗಳ ಮೇಲೆ. ಇವುಗಳ ಬದಲು ಧರ್ಮಗ್ರಂಥದ ರಸಪ್ರಶ್ನೆ ನಡೆಯುವುದೂ ಉಂಟು. ಓದುಬರಹ ಬಾರದ ಭಕ್ತರು ಅದರಲ್ಲಿ ಸೋಲುತ್ತಾರೆ. ಜ್ಞಾನಪರೀಕ್ಷೆ ಎಲ್ಲ ಪ್ರಕರಣಕ್ಕೂ ಬೇಕಿಲ್ಲ ಎಂದು ಹೈಕಮಿಷನರ್ ಕಚೇರಿಯ 2004ರ ಮಾರ್ಗಸೂಚಿ ಹೇಳಿದೆ.

2012ರಲ್ಲಿ ಪಾಕಿಸ್ತಾನದ ಅಹ್ಮದೀಯರ (ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಂಡರೂ ಅಲ್ಲಿನ ಕಾನೂನು ಹಾಗೆ ಒಪ್ಪದ ಪಂಥದವರು) ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಮಹತ್ವದ ಮಾತು ಹೇಳಿತು: ಅಪಾಯ ತಪ್ಪಿಸಿಕೊಳ್ಳಲು ಆರಾಧನೆಯನ್ನೇ ಕೈಬಿಡಿ ಎಂದು ಅರ್ಜಿದಾರರಿಂದ ನಿರೀಕ್ಷಿಸುವಂತಿಲ್ಲ.

ಚರ್ಚೆಯಲ್ಲಿ ಸದಾ ತಪ್ಪಿಹೋಗುವ ಎಳೆ ಒಂದಿದೆ. ಕಾನೂನು ತೂಗುವ ಉದ್ದೇಶ ಹಿಂಸಿಸಿದವರದು, ಓಡಿಬಂದವರದಲ್ಲ. ಅಮೆರಿಕದ 2005ರ ಕಾಯ್ದೆಯೂ ಧರ್ಮ ಹಿಂಸೆಗೆ ಮುಖ್ಯ ಕಾರಣಗಳಲ್ಲೊಂದಾಗಿರಬೇಕು ಎನ್ನುತ್ತದೆ, ಏಕೈಕ ಕಾರಣವೆಂದಲ್ಲ. ಜೀವ ಉಳಿಸಿಕೊಂಡು ಬಂದ ವ್ಯಕ್ತಿ ಒಳ್ಳೆಯ ಸಂಬಳವನ್ನೂ ಬಯಸಿದರೆ, ಅಷ್ಟರಿಂದಲೇ ಅವರ ಭಯ ಸುಳ್ಳಾಗುವುದಿಲ್ಲ. ಆದರೂ ಮೇಲ್ಮನವಿಯಲ್ಲಿ ಧರ್ಮದ ವಿಷಯ ಎತ್ತಿದಾಗ, ಮೊದಲ ದಿನ ದಾಖಲಾದ "ಕೆಲಸ ಇರಲಿಲ್ಲ" ಎಂಬ ಸಾಲನ್ನೇ ಮುಂದಿಟ್ಟು ಹೇಳಿಕೆ ಬದಲಿಸಿದಿರಿ ಎನ್ನಲಾಗುತ್ತದೆ.