ಹಳೆಯ ಯೆಜ್ಡಿಗೆ ಬ್ರೇಕ್ ಶೂ ಕೊಳ್ಳುವ ಮೊದಲು ಡ್ರಮ್ ಅಳೆಯಿರಿ

ಕಳೆದ ತಿಂಗಳು ನಮ್ಮ ವರ್ಕ್‌ಶಾಪಿಗೆ ಯೆಜ್ಡಿ ಬೈಕಿನ ರೋಡ್‌ಕಿಂಗ್ ಮಾದರಿಯ ಒಂದು ಗಾಡಿ ಬಂದಿತ್ತು. ತಂದೆಯವರ ಕಾಲದ ಆ ಗಾಡಿಯನ್ನು ಮಾಲೀಕರು ಅಕ್ಕರೆಯಿಂದ ಸಿದ್ಧಪಡಿಸಿಕೊಂಡಿದ್ದರು. ಮುಂದಿನ ಚಕ್ರಕ್ಕೆ ಹೊಸ ಬ್ರೇಕ್ ಶೂಗಳನ್ನೂ (ಚಕ್ರದೊಳಗಿನ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ತುಂಡುಗಳು) ಹಾಕಿಸಿದ್ದರು. ಆದರೆ ಲಿವರನ್ನು ಎಷ್ಟು ಬಿಗಿಯಾಗಿ ಹಿಡಿದರೂ ಗಾಡಿ ನಿಲ್ಲುತ್ತಿರಲಿಲ್ಲ. ನಾವು ಚಕ್ರ ಬಿಚ್ಚಿ, ಶೂವಿನ ಮೇಲಿನ ಉಜ್ಜುವ ಪದರವಾದ ಲೈನರಿನ ಮೇಲೆಲ್ಲ ಸೀಮೆಸುಣ್ಣ ಬಳಿದು, ಮತ್ತೆ ಜೋಡಿಸಿ, ಬ್ರೇಕನ್ನು ಹಗುರವಾಗಿ ಹಿಡಿದು ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ ನೋಡಿದೆವು. ಪ್ರತಿ ಶೂವಿನ ನಡುಭಾಗದಲ್ಲಿ ಎರಡು ಬೆರಳಗಲದಷ್ಟು ಮಾತ್ರ ಸುಣ್ಣ ಅಳಿಸಿತ್ತು, ಉಳಿದ ಲೈನರು ಡ್ರಮ್ಮನ್ನು ಮುಟ್ಟಿಯೇ ಇರಲಿಲ್ಲ.

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಕೊನೆಯ ಗಾಡಿಗಳಿಗೂ ಈಗ ವಯಸ್ಸಾಗಿದೆ. ಇಷ್ಟು ವರ್ಷಗಳಲ್ಲಿ ಡ್ರಮ್ ಸವೆದಿರುತ್ತದೆ, ಅನೇಕ ಗಾಡಿಗಳಲ್ಲಿ ಒಂದೆರಡು ಸಲ ಲೇತಿಗೂ ಹೋಗಿರುತ್ತದೆ. ಒಳಮೈಯನ್ನು ಅರ್ಧ ಮಿಲಿಮೀಟರ್ ಕೆರೆದರೆ ವ್ಯಾಸ ಒಂದು ಮಿಲಿಮೀಟರ್ ಹೆಚ್ಚುತ್ತದೆ. ಅಂಗಡಿಯ ಡಬ್ಬಿಯೊಳಗಿನ ಶೂ ಕಾರ್ಖಾನೆಯ ಮೂಲ ಅಳತೆಗೆ ತಯಾರಾದದ್ದು; ಅದರ ಬಾಗಿನ ತ್ರಿಜ್ಯ ಡ್ರಮ್ಮಿನ ತ್ರಿಜ್ಯಕ್ಕಿಂತ ಚಿಕ್ಕದಾದಾಗ ನಡುಭಾಗ ಮಾತ್ರ ತಾಗುತ್ತದೆ. ತ್ರಿಜ್ಯ ದೊಡ್ಡದಾದರೆ ಎರಡು ತುದಿಗಳು ಮೊದಲು ತಾಗಿ ಬ್ರೇಕ್ ಕಚ್ಚಿ ಹಿಡಿಯುತ್ತದೆ, ಮಳೆಗಾಲದ ರಸ್ತೆಯಲ್ಲಿ ಇದು ಇನ್ನೂ ಅಪಾಯಕರ.

ಆದ್ದರಿಂದ ಡ್ರಮ್ಮಿನ ಒಳವ್ಯಾಸವನ್ನು ವರ್ನಿಯರಿನಿಂದ ಮೂರು ನಾಲ್ಕು ದಿಕ್ಕುಗಳಲ್ಲಿ ಅಳೆಯಬೇಕು. ಅಳತೆಗಳಲ್ಲಿ ವ್ಯತ್ಯಾಸ ಕಂಡರೆ ಡ್ರಮ್ ದುಂಡಗೆ ಉಳಿದಿಲ್ಲವೆಂದು ಅರ್ಥ. ಈ ಗಾಡಿಗಳ ಹಬ್ (ಚಕ್ರದ ನಡುಭಾಗ) ಅಲ್ಯುಮಿನಿಯಮ್ಮಿನದು, ಶೂ ಉಜ್ಜುವ ಜಾಗದಲ್ಲಿ ಕಬ್ಬಿಣದ ಬಳೆ ಇದೆ. ಚಕ್ರದ ಕಡ್ಡಿಗಳ (ಸ್ಪೋಕ್) ಎಳೆತಕ್ಕೆ ಹಬ್ಬಿನ ಆಕಾರ ಸೂಕ್ಷ್ಮವಾಗಿ ಬದಲಾಗುತ್ತದೆ. ಬರಿಯ ಹಬ್ಬನ್ನು ಲೇತಿಗೆ ಕೊಟ್ಟು, ಆಮೇಲೆ ಕಡ್ಡಿ ಕಟ್ಟಿಸಿದರೆ ಮಾಡಿದ ಕೆಲಸ ಅಲ್ಲಿಗೇ ಕೆಡುತ್ತದೆ. ಕಡ್ಡಿ ಕಟ್ಟಿ, ರಿಮ್ಮಿನ ಓಟ ಸರಿಮಾಡಿದ ನಂತರವೇ ಇಡೀ ಚಕ್ರವನ್ನು ಲೇತಿಗೆ ಏರಿಸಬೇಕು. ಬಳೆ ಈಗಾಗಲೇ ತೆಳುವಾಗಿದ್ದರೆ ಇನ್ನಷ್ಟು ಕೆರೆಯದೆ ಹೊಸ ಬಳೆ ಹಾಕಿಸುವುದು ಕ್ಷೇಮ.

ಗಾಡಿಯೊಂದಿಗೆ ಬಂದ ಮೂಲ ಶೂಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಬಿರುಕಿಲ್ಲದ, ಪಿನ್ನಿನ ಕಡೆ ಸವೆಯದ ಹಳೆಯ ಎರಕದ ಶೂವಿಗೆ ಹೊಸ ಲೈನರ್ ಕೂರಿಸುವುದೇ ನನ್ನ ಅನುಭವದಲ್ಲಿ ಉತ್ತಮ ದಾರಿ. ಅಗತ್ಯಕ್ಕಿಂತ ತುಸು ದಪ್ಪನೆಯ ಲೈನರ್ ಹಾಕಿಸಿ, ಶೂಗಳನ್ನು ಬ್ರೇಕ್ ಪ್ಲೇಟಿನ ಮೇಲೆ ಕೂರಿಸಿ, ಬ್ರೇಕ್ ಹಿಡಿದಾಗ ಶೂಗಳನ್ನು ಅಗಲಿಸುವ ಕ್ಯಾಮಿನ ಬಳಿ ತೆಳು ತಗಡು ಕೊಟ್ಟು ಸ್ವಲ್ಪ ಅಗಲಿಸಿ, ಪ್ಲೇಟಿನ ಸಮೇತ ಲೇತಿನಲ್ಲಿ ನಿಮ್ಮ ಡ್ರಮ್ಮಿನ ಅಳತೆಗೆ ತಿರುಗಿಸಬೇಕು.

ಹೊಸದನ್ನೇ ಕೊಳ್ಳುವವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಲಿ, ಬೇರೆಲ್ಲಿಗೇ ಹೋಗಲಿ, ಹಳೆಯ ಶೂ ಮತ್ತು ಡ್ರಮ್ಮಿನ ಅಳತೆ ಎರಡೂ ಕೈಯಲ್ಲಿರಲಿ. ಬರೇ ‘ಜಾವಾ ಶೂ’ ಎಂದು ಕೇಳಿದರೆ 2018ರಲ್ಲಿ ಬಂದ ಹೊಸ ಜಾವಾದ ಭಾಗ ಕೈಗೆ ಬರಬಹುದು. ಅದರ ಮುಂದಿನ ಬ್ರೇಕ್ ಡಿಸ್ಕ್, ಹಳೆಯ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಚೆಕ್ ದೇಶದ ಹಳೆಯ ಜಾವಾಗಳಿಗೆಂದು ತಯಾರಾಗುವ ಭಾಗಗಳನ್ನು ತರಿಸುವವರೂ ಪಿನ್ನಿನ ವ್ಯಾಸ, ಶೂವಿನ ಅಗಲ, ಸ್ಪ್ರಿಂಗ್ ಕೊಕ್ಕೆಯ ಜಾಗ ಹೋಲಿಸಿ ನೋಡಿಯೇ ಹಣ ಕೊಡಬೇಕು.

ಹಳೆಯ ಲೈನರಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸಡಿಲವಾದ ಸ್ಪ್ರಿಂಗುಗಳನ್ನು ಬದಲಾಯಿಸಿ, ಬ್ರೇಕ್ ಹಿಡಿದಾಗ ಕ್ಯಾಮಿನ ತೋಳು ಮತ್ತು ಕೇಬಲ್ ಹತ್ತಿರಹತ್ತಿರ ಲಂಬಕೋನದಲ್ಲಿರುವಂತೆ ನೋಡಿಕೊಳ್ಳಿ. ಆ ಕೋನ ತಪ್ಪಿದರೆ ಕೈಯ ಬಲ ಶೂವಿಗೆ ಪೂರ್ತಿ ತಲುಪದು.

ಆ ರೋಡ್‌ಕಿಂಗಿನ ಹಳೆಯ ಶೂಗಳು ಮಾಲೀಕರ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸಿಕ್ಕಿದವು. ಲೈನರ್ ಕೂರಿಸಿ, ತಿರುಗಿಸಿ, ಮತ್ತೆ ಸುಣ್ಣ ಬಳಿದು ನೋಡಿದಾಗ ಒಂದು ತುದಿಯಿಂದ ಇನ್ನೊಂದರವರೆಗೆ ಸುಣ್ಣ ಅಳಿಸಿತ್ತು. ನೂರು ಕಿಲೋಮೀಟರ್ ಓಡಿಸಿ ಲೈನರ್ ಹದಕ್ಕೆ ಬಂದ ಮೇಲೆ, ಕೇಬಲ್ ಬಿಗಿಮಾಡಿಸಲು ಗಾಡಿಯನ್ನು ಇನ್ನೊಮ್ಮೆ ತರಲು ಹೇಳಿದ್ದೇನೆ.