ಅಮಲ್ಜಾರಿ ಎಂದರೇನು?

ಸಾಲದ ದಾವೆ ಗೆದ್ದವರಿಗೆ ಕೋರ್ಟು ಕೊಡುವುದು ಡಿಕ್ರಿಯನ್ನು, ಅಂದರೆ ಇಷ್ಟು ಹಣ ಕೊಡಬೇಕೆಂಬ ಆದೇಶವನ್ನು, ದುಡ್ಡನ್ನಲ್ಲ. ಪ್ರತಿವಾದಿ ತಾನಾಗಿ ಕಟ್ಟದಿದ್ದರೆ ವಸೂಲಿಗೆ ಮತ್ತೊಂದು ಅರ್ಜಿ ಹಾಕಬೇಕು. ಅದೇ ಅಮಲ್ಜಾರಿ ಅರ್ಜಿ. ಇಲ್ಲಿ ವಾದಿಯನ್ನು ಡಿಕ್ರಿದಾರ ಎಂದೂ ಪ್ರತಿವಾದಿಯನ್ನು ಋಣಿ ಎಂದೂ ಕರೆಯುತ್ತಾರೆ. ಇದಕ್ಕೆ 12 ವರ್ಷ ಕಾಲಾವಕಾಶವಿದೆ. ದಾವೆ ಹೂಡಲು ಮಾತ್ರ 3 ವರ್ಷ. ಆನ್ ಡಿಮ್ಯಾಂಡ್ ಪ್ರೋನೋಟಾದರೆ, ಅಂದರೆ ಕೇಳಿದಾಗ ಕೊಡುತ್ತೇನೆಂದು ಬರೆದುಕೊಟ್ಟ ಸಾಲಪತ್ರವಾದರೆ, ಈ 3 ವರ್ಷ ಎಣಿಸುವುದು ಬರೆದ ದಿನದಿಂದ, ಸಾಲ ವಾಪಸ್ ಕೇಳಿದ ದಿನದಿಂದಲ್ಲ. ಎಷ್ಟೋ ಪ್ರೋನೋಟುಗಳು ಬೀರುವಿನಲ್ಲೇ ಅವಧಿ ಮುಗಿಸುವುದು ಹೀಗೆ.

ಶಿಡ್ಲಘಟ್ಟದ ಕೋರ್ಟಿನಲ್ಲಿ ಬಡ್ಡಿ, ಖರ್ಚು ಸೇರಿ 3 ಲಕ್ಷಕ್ಕೆ ಡಿಕ್ರಿ ಆಗಿದೆ ಅನ್ನಿ. 'ಇರುವುದನ್ನೆಲ್ಲ ಜಪ್ತಿ ಮಾಡಿ' ಎಂದು ಅರ್ಜಿ ಕೊಟ್ಟರೆ ನಡೆಯದು. ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯಬೇಕು. ಪಹಣಿ ಇನ್ನೂ ಋಣಿಯ ಅಪ್ಪನ ಹೆಸರಲ್ಲಿದ್ದರೆ ಅಣ್ಣತಮ್ಮಂದಿರು ತಮ್ಮ ಪಾಲಿದೆಯೆಂದು ತಕರಾರು ತೆಗೆಯುತ್ತಾರೆ. ವರ್ಷಗಳು ಅಲ್ಲೇ ಕಳೆದುಹೋಗುತ್ತವೆ. ಆಸ್ತಿ ಎಲ್ಲಿದೆಯೆಂದೇ ಗೊತ್ತಿಲ್ಲವೇ? ಡಿಕ್ರಿಯಾಗಿ 30 ದಿನ ಕಳೆದರೂ ಹಣ ಬಾರದಿದ್ದರೆ, ಋಣಿಯೇ ಪ್ರಮಾಣಪತ್ರದ ಮೂಲಕ ಆಸ್ತಿ ವಿವರ ಕೊಡಲಿ ಎಂದು ಕೇಳಬಹುದು.

ಉಡುವ ಬಟ್ಟೆ, ಅಡುಗೆ ಪಾತ್ರೆ, ತಾಳಿ, ಕಸುಬುದಾರನ ಸಲಕರಣೆ ಜಪ್ತಿಗೆ ಸಿಗುವುದಿಲ್ಲ. ರೈತನಾದರೆ ಬಿತ್ತನೆ ಬೀಜ, ಜೀವನಕ್ಕೆ ಬೇಕಾದ ದನ, ವಾಸದ ಮನೆಯೂ ಅಷ್ಟೇ. ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. 25,000 ಸಂಬಳವಿದ್ದರೆ ತಿಂಗಳಿಗೆ 8,000 ಸಿಕ್ಕೀತು. ಒಂದು ಡಿಕ್ರಿಗೆ ಹೀಗೆ ಹಿಡಿಯಬಹುದಾದದ್ದು 24 ತಿಂಗಳು ಮಾತ್ರ, ಅಂದರೆ 1,92,000. ಮಿಕ್ಕಿದ್ದಕ್ಕೆ ಬೇರೆ ದಾರಿ ನೋಡಬೇಕು.

ಸಿವಿಲ್ ಬಂಧನ, ಅಂದರೆ ಹಣ ಕಟ್ಟದ ಋಣಿಯನ್ನು ಜೈಲಿಗೆ ಹಾಕಿಸುವುದು, ಸುಲಭವಲ್ಲ. ಕೈಲಾಗದವನನ್ನು ಒಳಗೆ ಹಾಕಿಸಲಾಗದು. ಇದ್ದೂ ಕೊಡುತ್ತಿಲ್ಲವೆಂದು ತೋರಿಸಬೇಕು. ಹೆಂಗಸರನ್ನಂತೂ ಹಣದ ಡಿಕ್ರಿಗೆ ಬಂಧಿಸುವಂತೆಯೇ ಇಲ್ಲ. ಗರಿಷ್ಠ 3 ತಿಂಗಳು, ಊಟದ ಭತ್ಯೆ ಡಿಕ್ರಿದಾರನದೇ. ಋಣಿ ಹೊರಗೆ ಬಂದ ಮೇಲೂ ಸಾಲ ಹಾಗೇ ನಿಂತಿರುತ್ತದೆ.

ಋಣಿಗಳು ಎಡವುವುದು ಬೇರೆ ಕಡೆ. ಊರಲ್ಲಿ ಪಂಚಾಯ್ತಿ ಮಾಡಿ ಕೈಗೆ ಕೊಟ್ಟ ದುಡ್ಡನ್ನು 30 ದಿನದೊಳಗೆ ಅರ್ಜಿ ಹಾಕಿ, ರಸೀದಿಯೋ ಬರಹವೋ ತೋರಿಸಿ ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ಮಾಡಿಸದಿದ್ದರೆ, ಡಿಕ್ರಿದಾರ ತಾನೇ ಒಪ್ಪಿಕೊಂಡು ದಾಖಲಿಸದ ಹೊರತು, ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.