ತಿರುವಿನ ಲೆಕ್ಕ: ತೋಟದ ರೈಟರ್ ಒಬ್ಬನ ಟಿಪ್ಪಣಿ

ನನ್ನ ಕೆಲಸದ ಹೆಸರೇ ರೈಟರ್. ಹಾಗಂತ ಕಥೆ ಬರೆಯುವ ಕೆಲಸ ಅಂದುಕೊಳ್ಳಬೇಡಿ. ಕಾಫಿ ತೋಟದಲ್ಲಿ ಹಾಜರಿ ಹಾಕುವುದು, ಹಣ್ಣಿನ ತೂಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಲೆಕ್ಕ ಮಾಡುವುದು. ಕೊಡಗಿನ ತೋಟಗಳಲ್ಲಿ ಇದನ್ನು ಮಾಡುವವನಿಗೆ ರೈಟರ್ ಎನ್ನುತ್ತಾರೆ. ಕಥೆ ಬರೆಯುವುದು ಭಾನುವಾರ ಮಾತ್ರ. ಗೋಣಿಕೊಪ್ಪದಲ್ಲಿ ನಾವು ಏಳು ಜನ ಸೇರುತ್ತೇವೆ. ಬರೆದದ್ದನ್ನು ಓದುತ್ತೇವೆ, ಒಬ್ಬರ ಕಥೆಯ ತಪ್ಪನ್ನು ಇನ್ನೊಬ್ಬರು ಹೆಕ್ಕುತ್ತೇವೆ.

ಹೋದ ತಿಂಗಳು ಇಡೀ ಒಂದೇ ಪ್ರಶ್ನೆ. ಕಥೆಯಲ್ಲಿ, ಸಿನಿಮಾದಲ್ಲಿ, ಸೀರಿಯಲ್‌ನಲ್ಲಿ ಯಾವ ತಿರುವು ಇನ್ನೂ ಜಾಸ್ತಿ ಬರಬೇಕು ಅಂತ ನಮಗೆ ಆಸೆ? ಬರಬಾರದ್ದರ ಪಟ್ಟಿ ಐದೇ ನಿಮಿಷದಲ್ಲಿ ಮುಗಿಯಿತು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು. ಅವಳಿ ತಮ್ಮ ದಿಢೀರನೆ ಬಂದಿಳಿಯುವುದು. ಎಲ್ಲಾ ಆದ ಮೇಲೆ 'ಅದು ಕನಸಾಗಿತ್ತು' ಅನ್ನುವುದು. ಬರಬೇಕಾದ್ದರ ಪಟ್ಟಿಗೆ ನಾಲ್ಕು ಭಾನುವಾರ ಹಿಡಿಯಿತು. ಕೂಟಕ್ಕೆ ಬರದವರಿಗಾಗಿ ಮತ್ತು ಹೊಸದಾಗಿ ಬರೆಯಲು ಕೂತವರಿಗಾಗಿ ಈ ಟಿಪ್ಪಣಿ.

ಜಾಡು ಮತ್ತು ತಿರುವು

ಮೊದಲು ಎರಡು ಪದ. ಮತ್ತೆ ಮತ್ತೆ ಬರುವ ಕಥೆಯ ಅಚ್ಚಿಗೆ ಟ್ರೋಪ್ ಎನ್ನುತ್ತಾರೆ. ನಾವು ಅದಕ್ಕೆ ಜಾಡು ಅಂದೆವು. ಆನೆಗೆ ಜಾಡು ಇರುತ್ತದಲ್ಲ, ಹಾಗೆ. ವರ್ಷ ವರ್ಷ ಅದೇ ಹಳ್ಳ ದಾಟಿ, ಅದೇ ಬೇಲಿ ಮುರಿದು ತೋಟಕ್ಕೆ ಇಳಿಯುತ್ತದೆ. ದಾರಿ ನಮಗೆಲ್ಲ ಗೊತ್ತು. ಆದರೂ ರಾತ್ರಿ ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಜಾಡು ಹಳೆಯದು ಅನ್ನುವುದು ಒಂದು ದೂರೇ ಅಲ್ಲ.

ತಿರುವು ಅಂದರೇನು ಅನ್ನುವುದಕ್ಕೆ ಅರಿಸ್ಟಾಟಲ್ 2300 ವರ್ಷದ ಹಿಂದೆಯೇ ಒಂದು ಲೆಕ್ಕ ಕೊಟ್ಟಿದ್ದಾನೆ. ಪರಿಸ್ಥಿತಿ ತಲೆಕೆಳಗಾಗುವುದು ಒಂದು. ಗೊತ್ತಿಲ್ಲದ್ದು ಗೊತ್ತಾಗುವುದು ಇನ್ನೊಂದು. ಎರಡೂ ಒಂದೇ ಏಟಿಗೆ ಆದರೆ ಬಹಳ ಒಳ್ಳೆಯದು ಎನ್ನುತ್ತಾನೆ. ಮಚ್ಚೆ, ಗಾಯದ ಕಲೆ, ಕೊರಳಿನ ಸರ ಇಂಥವನ್ನು ನೋಡಿ ಗುರುತು ಹಿಡಿಯುವುದನ್ನು ಅವನು ಕಡೇ ಮೆಟ್ಟಿಲಲ್ಲಿ ಇಟ್ಟ. ತೋಳಿನ ಮಚ್ಚೆ ಕಂಡು 'ಅಣ್ಣಾ' ಅಂತ ತಬ್ಬಿಕೊಳ್ಳುವ ಹಳೇ ಸಿನಿಮಾಗಳು ನೆನಪಾದವಲ್ವಾ?

ಹಾಗಾದರೆ ಶಕುಂತಲೆಯ ಉಂಗುರವೂ ಕಡೇ ಮೆಟ್ಟಿಲಿನದ್ದೇ? ಇಲ್ಲಿ ನಮ್ಮಲ್ಲಿ ಜಗಳವೇ ಆಯಿತು. ಉಂಗುರ ಕಾಳಿದಾಸ ತಂದದ್ದು. ಮಹಾಭಾರತದ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲಾ ನೆನಪಿದೆ. ತುಂಬಿದ ಸಭೆಯಲ್ಲಿ, ಮಗನನ್ನು ಕರೆದುಕೊಂಡು ಬಂದ ಹೆಂಡತಿಗೆ, ನೀನು ಯಾರೋ ಗೊತ್ತಿಲ್ಲ ಎನ್ನುತ್ತಾನೆ. ಆಕಾಶವಾಣಿ ಆದ ಮೇಲೆ, ಜನ ಅನುಮಾನ ಪಡಬಾರದು ಅಂತ ಹಾಗೆ ಮಾಡಿದೆ ಅಂದುಬಿಡುತ್ತಾನೆ.

ಕಾಳಿದಾಸನ ಉಂಗುರ ಚೆಂದ. ಬೇಕಾದಾಗ ಅದು ಮೀನಿನ ಹೊಟ್ಟೆಯಲ್ಲಿದೆ, ಸಿಕ್ಕಾಗ ಅವಳಿಲ್ಲ. ಹೊತ್ತು ತಪ್ಪಿ ಬಂದದ್ದಕ್ಕೇ ಅದು ನೋಯಿಸುತ್ತದೆ. ಆದರೆ ಓದುಗನಾಗಿ ನನ್ನನ್ನು ನಿದ್ದೆಗೆಡಿಸಿದ್ದು ಹಳೇ ದುಷ್ಯಂತ. ಮರೆತವನನ್ನು ಕ್ಷಮಿಸಬಹುದು. ನೆನಪಿಟ್ಟುಕೊಂಡೇ 'ಗೊತ್ತಿಲ್ಲ' ಅಂದವನನ್ನು ಏನು ಮಾಡುವುದು? ಶಾಪ ಹೊರಗಿನಿಂದ ಬಂತು. ಸುಳ್ಳು ಅವನ ಒಳಗಿನಿಂದ ಬಂತು. ನಮಗೆ ಜಾಸ್ತಿ ಬೇಕಾಗಿರುವುದು ಈ ಎರಡನೇ ಜಾತಿ. ಯಾರದೋ ಮನಸ್ಸಿನಿಂದ ಹುಟ್ಟುವ ತಿರುವು.

ಕಾಗೆಯೋ, ಅವಳೋ?

ಇದನ್ನು ಅಳೆದು ನೋಡಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. ಕಾವೇರಿಯ ಕಥೆಯನ್ನೇ ತೆಗೆದುಕೊಳ್ಳಿ. ನಮ್ಮ ಏಳು ಜನರಲ್ಲಿ ಎರಡು ಪಾಠ ಇತ್ತು.

ಒಂದರಲ್ಲಿ ಕಾವೇರಿ ಅಗಸ್ತ್ಯರ ಕಮಂಡಲದಲ್ಲಿದ್ದಾಳೆ. ಗಣಪತಿ ಕಾಗೆಯ ರೂಪದಲ್ಲಿ ಬಂದು ಕೂರುತ್ತಾನೆ, ಕಮಂಡಲ ಉರುಳುತ್ತದೆ, ನೀರು ಹರಿಯುತ್ತದೆ. ಇನ್ನೊಂದರಲ್ಲಿ ಅವಳು ಅಗಸ್ತ್ಯರನ್ನು ಮದುವೆಯಾಗುವಾಗಲೇ ಒಂದು ಷರತ್ತು ಹಾಕಿದ್ದಾಳೆ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ದಿನ ಅವರು ಶಿಷ್ಯರಿಗೆ ಹೇಳಿ ಸ್ನಾನಕ್ಕೆ ಹೋಗುತ್ತಾರೆ. ಅವಳು ಹರಿದುಬಿಡುತ್ತಾಳೆ. ಶಿಷ್ಯರು ತಡೆಯಲು ಹೋದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೇಳುತ್ತಾಳೆ.

ಎರಡರಲ್ಲೂ ಕೊನೆ ಒಂದೇ. ನದಿ ಹರಿಯಿತು. ಕೇಳುವವರಿಗೂ ಅದು ಮೊದಲೇ ಗೊತ್ತು, ಪ್ರತಿ ವರ್ಷ ಅಕ್ಟೋಬರ್ 17ರ ಆಸುಪಾಸು ತಲಕಾವೇರಿಗೆ ತೀರ್ಥೋದ್ಭವ ನೋಡಲು ಹೋಗುವವರೇ ಎಲ್ಲ. ಆದರೂ ಎರಡನೇ ಪಾಠ ಕೇಳುವಾಗ ಕಿವಿ ನೆಟ್ಟಗಾಗುತ್ತದೆ. ಕಾಗೆ ಕೂತದ್ದು ದೇವರ ಆಟ. ಹರಿದು ಹೋದದ್ದು ಅವಳ ತೀರ್ಮಾನ. ಜೊತೆಗೆ ಬಲಮುರಿ ಎಂಬ ಊರಿನ ಕಥೆಯೂ ಸೇರುತ್ತದೆ. ತಡೆಯಲು ಬಂದವರ ನಡುವೆ ಅವಳು ರಭಸದಿಂದ ನುಗ್ಗಿದಾಗ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತಂತೆ. ಅದಕ್ಕೇ ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಇಡುತ್ತಾರೆ ಎಂದು ಹೇಳುವ ರೂಢಿ. ಕಥೆ ಮುಗಿದರೂ ಗುರುತು ಮೈಮೇಲೆ ಉಳಿಯಿತು ನೋಡಿ. ಇಂಥ ಕೊನೆ ಬರೆಯಲು ಬಂದರೆ ನಾನು ಹಾಜರಿ ಪುಸ್ತಕ ಮುಚ್ಚಿಡುತ್ತಿದ್ದೆ.

ಇದೇ ಜಾಡಿನಲ್ಲಿ ಗಂಗೆ ಮತ್ತು ಶಂತನು ಇದ್ದಾರೆ, ಊರ್ವಶಿ ಮತ್ತು ಪುರೂರವ ಇದ್ದಾರೆ. ಷರತ್ತು ಹಾಕಿದರು ಅಂದ ಕೂಡಲೇ ಅದು ಮುರಿಯುತ್ತದೆ ಅಂತ ಮಕ್ಕಳಿಗೂ ಗೊತ್ತು. ನಮ್ಮ ಕೂಟದ ಮೇಷ್ಟ್ರು (ನಿವೃತ್ತರು, ಆದರೆ ಕೆಂಪು ಪೆನ್ನು ಬಿಟ್ಟಿಲ್ಲ) ಕೇಳಿದರು: "ಷರತ್ತು ಮುರಿಯದೆ ಉಳಿಸಿಕೊಂಡರೆ? ಆಗ ಕಷ್ಟ ಬರಲ್ವಾ?" ಬರುತ್ತದೆ. ಪುಣ್ಯಕೋಟಿ ಅದೇ ಅಲ್ವಾ. ಹಸು ಕೊಟ್ಟ ಮಾತಿಗೆ ವಾಪಸ್ ಬಂತು. ಈಗ ಹುಲಿ ತಿನ್ನಬೇಕು, ಇಲ್ಲ ಬಿಡಬೇಕು. ಎರಡೂ ಆಗುವುದಿಲ್ಲ. ಹುಲಿಯೇ ಹಾರಿ ಪ್ರಾಣ ಬಿಡುತ್ತದೆ. ತಿರುವು ಬಂದದ್ದು ಹುಲಿಯ ಮನಸ್ಸಿನಿಂದ. ದಕ್ಷಿಣ ಕೊಡಗಿನಲ್ಲಿ ಹುಲಿ ಕೊಟ್ಟಿಗೆಯ ಹಸುವನ್ನು ಹಿಡಿಯುವುದು ಕಟ್ಟುಕಥೆಯಲ್ಲ. ಅಂಥ ಊರಿನ ಮಕ್ಕಳೂ ಆ ಹಾಡಿನಲ್ಲಿ ಹುಲಿಗೇ ಅಳುವುದನ್ನು ನಾನು ನೋಡಿದ್ದೇನೆ.

ಗೋಡೆಯ ಮೇಲಿನ ಕೋವಿ

ಕಥೆ ಕಲಿಯುವವರೆಲ್ಲ ರಷ್ಯದ ಲೇಖಕ ಚೆಕಾವ್‌ನ ಕೋವಿಯ ಮಾತು ಕೇಳಿರುತ್ತಾರೆ. ಯಾರೂ ಹಾರಿಸುವ ಯೋಚನೆ ಇಲ್ಲದಿದ್ದರೆ ಗುಂಡು ತುಂಬಿದ ಕೋವಿಯನ್ನು ರಂಗದ ಮೇಲೆ ಇಡಬೇಡಿ, ಎಂಬ ಅರ್ಥದಲ್ಲಿ 1889ರ ಒಂದು ಪತ್ರದಲ್ಲಿ ಬರೆದ.

ಈ ಪಾಠ ಕೊಡಗಿನಲ್ಲಿ ಸ್ವಲ್ಪ ಅಲ್ಲಾಡುತ್ತದೆ. ಇಲ್ಲಿ ಮನೆಯ ಗೋಡೆಯಲ್ಲಿ ಕೋವಿ ಇದ್ದರೆ ಅದು ಸುಳಿವಲ್ಲ, ಮನೆಸಾಮಾನು. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಅನ್ನುವ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಆಕಾಶಕ್ಕೆ ಗುಂಡು ಹಾರುತ್ತದೆ. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಅನ್ನುವುದು ಹಿಂದಿನ ಪದ್ಧತಿ.

ಈಗ ಒಂದು ಕಥೆ ಯೋಚಿಸಿ. ಅಣ್ಣ ತಮ್ಮಂದಿರಿಗೆ ತೋಟದ ಪಾಲಿನ ಜಗಳ. ಮೊದಲ ಪುಟದಲ್ಲೇ ಕೋವಿ ತೋರಿಸಿದ್ದೀರಿ. ಓದುವವರು ಕೊಲೆಗೆ ಕಾಯುತ್ತಿದ್ದಾರೆ. ರಾತ್ರಿ ತಮ್ಮನ ಮನೆ ಕಡೆಯಿಂದ ಒಂದು ಗುಂಡಿನ ಸದ್ದು. ಅಣ್ಣ ಎದ್ದು ಕೂರುತ್ತಾನೆ, ಇನ್ನೊಂದಕ್ಕೆ ಕಿವಿಗೊಡುತ್ತಾನೆ. ಬರುವುದಿಲ್ಲ. ತಮ್ಮನ ಹೆಂಡತಿಗೆ ದಿನ ತುಂಬಿತ್ತು ಅನ್ನುವುದು ಅವನಿಗೆ ಆಗ ನೆನಪಾಗುತ್ತದೆ. ಕೋವಿ ಹಾರಿತು, ಚೆಕಾವ್‌ಗೆ ಕೊಟ್ಟ ಮಾತೂ ಉಳಿಯಿತು. ಆದರೆ ಸದ್ದಿನ ಅರ್ಥ ಬೇರೆಯಾಯಿತು. ಸುಳಿವು ಎಲ್ಲರ ಕಣ್ಣೆದುರೇ ಇರಬೇಕು, ಆದರೆ ಅದನ್ನು ಓದಲು ಊರು ಗೊತ್ತಿರಬೇಕು. ಹೊರಗಿನ ಓದುಗರಿಗೆ 'ಒಂದು, ಎರಡು' ಅನ್ನುವುದನ್ನು ಮೊದಲೇ ಎಲ್ಲೋ ಸುಮ್ನೆ ಹೇಳಿಟ್ಟಿರಬೇಕು. ಕೊನೆಯಲ್ಲಿ ವಿವರಿಸಲು ಹೋದರೆ ಅದು ತಿರುವಲ್ಲ, ಅಡಿಟಿಪ್ಪಣಿ.

ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು

ಇದು ಎಲ್ಲರ ದೂರು, ಬೇಗ ಮುಗಿಸುತ್ತೇನೆ. ಅವನು ಅವಳನ್ನು ಯಾರದೋ ಜೊತೆ ನೋಡಿದ, ಕೇಳಲೇ ಇಲ್ಲ, ನೂರು ಎಪಿಸೋಡ್ ಅತ್ತರು. ಕೂತು ಮಾತಾಡುವ ಜೋಡಿ ಬೇಕು ಅಂತ ಎಲ್ಲರೂ ಒಪ್ಪಿದೆವು. ಮಾತಾಡಿದ ಮೇಲೂ ಉಳಿಯುವ ಜಗಳವೇ ನಿಜವಾದ ಜಗಳ. ಒಂದೇ ವಿನಾಯಿತಿ: ಕಥೆ ಜುಲೈ ತಿಂಗಳ ಕೊಡಗಿನಲ್ಲಿ ನಡೆಯುತ್ತಿದ್ದರೆ. ಮರ ಬಿದ್ದು ಕರೆಂಟು ಹೋಗಿ, ಟವರ್ ಸತ್ತು, ಮೂರು ದಿನ ಫೋನು ಬರಿ ಟಾರ್ಚ್ ಆಗಿರುತ್ತದೆ. ಆಗ ತಪ್ಪು ತಿಳಿದುಕೊಳ್ಳಲು ಲೇಖಕರಿಗೆ ಪೂರ್ತಿ ಹಕ್ಕಿದೆ.

ಗೊತ್ತಿದ್ದೂ ಸುಮ್ಮನಿದ್ದವರು

ನಮ್ಮ ಏಳು ಜನರ ಪಟ್ಟಿಯಲ್ಲೂ ಮೊದಲು ಬಂದದ್ದು ಇದೇ. ಕಥೆಯುದ್ದಕ್ಕೂ ಒಬ್ಬರಿಂದ ಏನನ್ನೋ ಮುಚ್ಚಿಡುತ್ತಾರೆ. ಕೊನೆಗೆ ನೋಡಿದರೆ ಅವರಿಗೆ ಮೊದಲಿಂದಲೂ ಗೊತ್ತು.

ಇದಕ್ಕೆ ಹತ್ತಿರದ ಪಾಠ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್‌ನದು. ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಅವನು ಕೊಟ್ಟ ಉದಾಹರಣೆ ಇದು. ಮೇಜಿನ ಕೆಳಗೆ ಬಾಂಬ್ ಇದೆ, ನೋಡುಗರಿಗೆ ಗೊತ್ತಿಲ್ಲ, ಸಿಡಿಯಿತು. 15 ಸೆಕೆಂಡಿನ ಬೆಚ್ಚು. ಬಾಂಬ್ ಇದೆ ಅಂತ ಮೊದಲೇ ತೋರಿಸಿ, ಅಲ್ಲಿ ಕೂತವರು ಸುಮ್ಮನೆ ಹರಟೆ ಹೊಡೆಯಲಿ. 15 ನಿಮಿಷದ ತಳಮಳ. ಗುಟ್ಟನ್ನು ಓದುಗರಿಗೆ ಕೊಟ್ಟುಬಿಟ್ಟರೆ ನಷ್ಟವಿಲ್ಲ ಅಂತಾಯಿತು.

ನಮ್ಮವರಿಗೆ ಇದು ಕರ್ಣನಿಂದಲೇ ಗೊತ್ತು. ಅವನು ಕುಂತಿಯ ಮಗ ಅನ್ನುವುದು ಕೇಳುಗರಿಗೆ ಮೊದಲೇ ಗೊತ್ತು. ಯುದ್ಧಕ್ಕೆ ಮುಂಚೆ ಕೃಷ್ಣ ಅವನಿಗೂ ಹೇಳುತ್ತಾನೆ. ಸಾಮಾನ್ಯ ಕಥೆಯಾಗಿದ್ದರೆ ಇಲ್ಲಿ ಪಕ್ಷ ಬದಲಾಗಬೇಕಿತ್ತು. ಕರ್ಣ ಬದಲಾಗುವುದಿಲ್ಲ. ಅಷ್ಟೇ ಅಲ್ಲ, ಈ ಗುಟ್ಟನ್ನು ಧರ್ಮರಾಜನಿಗೆ ಹೇಳಬೇಡ, ಗೊತ್ತಾದರೆ ಅವನು ರಾಜ್ಯ ತೆಗೆದುಕೊಳ್ಳುವುದಿಲ್ಲ, ಎಂದು ಕೃಷ್ಣನನ್ನೇ ಕೇಳಿಕೊಳ್ಳುತ್ತಾನೆ. ಗುಟ್ಟು ಹೊರಬಂದ ಮೇಲೆ ಅದನ್ನು ಮತ್ತೆ ಒಳಗಿಟ್ಟವನು ಅವನೇ. ಆಮೇಲೆ ಅವನು ತೊಟ್ಟ ಒಂದೊಂದು ಬಾಣಕ್ಕೂ ಎರಡೆರಡು ಅರ್ಥ. ಪಾಂಡವರಿಗೆ ಗೊತ್ತಾಗುವುದು ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿಗೆ.

ಇದನ್ನು ಓದಿದ ಮೇಲೆ ನಾನೂ ಒಂದು ಕರಡು ಬರೆದೆ. ಪೂರ್ತಿ ಕಟ್ಟುಕಥೆ, ನನ್ನ ತೋಟದವರು ಗಾಬರಿಯಾಗಬೇಡಿ.

ರೊಬಸ್ಟಾ ಕೊಯ್ಲು. ಸಂಜೆ ಐದು ಗಂಟೆ. ಮರಕ್ಕೆ ತೂಗುಹಾಕಿದ ತಕ್ಕಡಿ, ಸಾಲಿಗೆ ಗೋಣಿಚೀಲಗಳು, ಕಾಲಿಗೆ ಕೆಂಜಿರುವೆ. ಕಿಲೋ ಲೆಕ್ಕದ ಕೂಲಿ. ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಅಜ್ಜಿ ಕೊಯ್ದ ಹಣ್ಣಿನ ತೂಕ ಆ ವರ್ಷ ಕಮ್ಮಿಯಾಗುತ್ತಾ ಬರುತ್ತದೆ. ವಯಸ್ಸಾಯಿತು ಪಾಪ, ಅಂತ ರೈಟರ್ ದಿನವೂ ಎರಡು ಕಿಲೋ ಜಾಸ್ತಿ ಬರೆಯುತ್ತಾನೆ. ಹಣ್ಣು ಒಣಗಿದರೆ ತೂಕ ಹೇಗೂ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಎರಡು ಕಿಲೋ ಯಾರ ಕಣ್ಣಿಗೆ ಬೀಳುತ್ತದೆ? ಅಜ್ಜಿಗೆ ಓದಲು ಬರುವುದಿಲ್ಲ. ತಾನು ಮಾಡಿದ ಪುಣ್ಯ ತನಗೊಬ್ಬನಿಗೇ ಗೊತ್ತು ಅಂತ ಅವನಿಗೆ ಒಳಗೊಳಗೇ ಹೆಮ್ಮೆ.

ಕೊಯ್ಲು ಮುಗಿದ ದಿನ ಅಜ್ಜಿ ಹೇಳುತ್ತಾಳೆ: "ಓದೋಕೆ ಬರಲ್ಲ ಮಗಾ, ಎಣಿಸೋಕೆ ಬರುತ್ತೆ."

ಅವನಿಗೆ ಆಗ ಎರಡನೇ ಪುಟದ ಒಂದು ವಿಷಯ ಹೊಳೆಯುತ್ತದೆ. ಅಜ್ಜಿ ತನ್ನ ಚೀಲದ ಬಾಯಿಯನ್ನು ಹಳೇ ಸೀರೆಯ ಹಸಿರು ಅಂಚಿನಿಂದ ಕಟ್ಟುತ್ತಿದ್ದಳು. ಆ ವರ್ಷ ಅಸ್ಸಾಮಿನಿಂದ ಬಂದ, ಕೊಯ್ಲು ಇನ್ನೂ ಕೈಗೆ ಹತ್ತದ ಹುಡುಗಿಯ ಚೀಲಕ್ಕೂ ಅದೇ ಹಸಿರು ಅಂಚು, ಅದೇ ಗಂಟು. ಅಜ್ಜಿಯ ಕೈ ನಿಧಾನವಾಗಿರಲೇ ಇಲ್ಲ. ತೂಕಕ್ಕೆ ಬರುವ ಮುಂಚೆ ದಿನವೂ ನಾಲ್ಕು ಬೊಗಸೆ ಹಣ್ಣು ಆ ಚೀಲಕ್ಕೆ ಹೋಗುತ್ತಿತ್ತು. ರೈಟರ್ ಹೇಗೂ ತುಂಬಿಕೊಡುತ್ತಾನೆ ಅನ್ನುವುದು ಅವಳಿಗೆ ಮೊದಲ ವಾರದ ಬಟವಾಡೆಯಲ್ಲೇ ಗೊತ್ತಾಗಿತ್ತು.

ಕೂಟದಲ್ಲಿ ಓದಿದೆ. ಹೊಗಳುತ್ತಾರೆ ಅಂತ ಕಾದೆ. ಮೇಷ್ಟ್ರು ಅಂದರು: "ಹಸಿರು ಅಂಚು ಎರಡನೇ ಪುಟದಲ್ಲಿ ಮೂರು ಸಲ ಬಂದಿದೆ. ನೀವೇ ಬೆರಳು ತೋರಿಸ್ತಾ ಇದ್ದೀರಿ. ಒಂದೇ ಸಲ ಸಾಕು, ಅದೂ ಇರುವೆಯ ಸಾಲಿನ ಪಕ್ಕದಲ್ಲಿ ಬರಲಿ." ಸರಿ. ಇರುವೆ ಕಚ್ಚುವ ಕಡೆ ಓದುಗರ ಕಣ್ಣು ಹೋಗುತ್ತದೆ, ಅಂಚು ಸುಮ್ಮನೆ ಒಳಗೆ ಇಳಿಯುತ್ತದೆ. ಸುಳಿವು ಬಚ್ಚಿಡಲು ಇದಕ್ಕಿಂತ ಸುಲಭದ ಉಪಾಯ ನಾನು ಎಲ್ಲೂ ಓದಿಲ್ಲ.

ಕುಶಾಲನಗರದಿಂದ ಬರುವ ಅಕ್ಕ ಕೇಳಿದರು: "ಕೊನೆಯಲ್ಲಿ ರೈಟರ್ ಯಾಕೆ ಅಳ್ತಾನೆ? ಅಜ್ಜಿ ಅತ್ತಿಲ್ವಲ್ಲ." ಆ ಪ್ಯಾರಾ ತೆಗೆದೆ. ಈಗ ಅವನು ಪೆನ್ನಿನ ಮುಚ್ಚಳ ಹಾಕಿ, ಮುಂದಿನ ಚೀಲ ಎತ್ತಲು ಹೇಳುತ್ತಾನೆ, ಅಷ್ಟೆ.

ಇನ್ನೊಂದು ಸಲಹೆಯೂ ಬಂತು. ಮಾಲೀಕರಿಗೂ ಗೊತ್ತಿತ್ತು ಅಂತ ಮಾಡಿದರೆ? ಏಳರಲ್ಲಿ ಮೂವರು ಬೇಕು ಅಂದರು. ನಾನು ಬೇಡ ಅನ್ನುವ ಕಡೆ. ಎಲ್ಲರಿಗೂ ಎಲ್ಲವೂ ಗೊತ್ತಿದ್ದರೆ ಅಜ್ಜಿಯ ಮಾತಿಗೆ ಬೆಲೆ ಎಲ್ಲಿ? ಆದರೆ ಮಾಲೀಕರು ಒಂದು ಸಂಜೆ ತಕ್ಕಡಿಯ ಹತ್ತಿರ ಜೀಪು ನಿಲ್ಲಿಸಿ, ಏನೂ ಹೇಳದೆ ಹೋಗುವ ಒಂದು ಸಾಲು ಕರಡಿನಲ್ಲಿದೆ. ಅದನ್ನು ಇನ್ನೂ ಹೊಡೆದುಹಾಕಿಲ್ಲ.

ಮುಂದಿನ ಭಾನುವಾರಕ್ಕೆ ಎಲ್ಲರೂ ಒಂದು ಪುಟ ತರಬೇಕು. ಒಬ್ಬರಿಗೆ ಗೊತ್ತಿದೆ, ಹೇಳುವುದಿಲ್ಲ. 'ಗೊತ್ತಿತ್ತು' ಅನ್ನುವ ಪದ ಪುಟದಲ್ಲಿ ಎಲ್ಲೂ ಬರಕೂಡದು.